ಅಂಗಡಿ ನಡೆಸುವವರೇ, ಮಳೆಗಾಲಕ್ಕೆ ಮುಂಚೆ ಪಾಲಿಸಿಯಲ್ಲಿರುವ ವಿಳಾಸ ಓದಿ

ಬ್ಯಾಂಕಿನಲ್ಲಿ ಸಾಲ ತೆಗೆದು ಅಂಗಡಿ, ಗಿರಣಿ, ಪ್ರೆಸ್, ವರ್ಕ್‌ಶಾಪ್ ಏನೇ ನಡೆಸುತ್ತಿದ್ದರೂ ಇವತ್ತು ಒಂದು ಕೆಲಸ ಮಾಡಿ. ನಿಮ್ಮ ಮಾಲಿನ ಮೇಲೆ ಮಾಡಿಸಿರುವ ಇನ್ಶೂರೆನ್ಸ್ ಪಾಲಿಸಿಯ ಪ್ರತಿ ತರಿಸಿಕೊಳ್ಳಿ. ಅದರಲ್ಲಿ ಯಾವ ವಿಳಾಸ ಇದೆ ಅಂತ ಓದಿ. ನಾವು ಓದಿರಲಿಲ್ಲ. ವರ್ಷಗಟ್ಟಲೆ ಪ್ರೀಮಿಯಂ ಕಟ್ಟಿದ ಮೇಲೂ, ಹೊಳೆ ನೀರು ಪ್ರೆಸ್ಸಿಗೆ ನುಗ್ಗಿದಾಗ ನಮಗೆ ಒಂದು ರೂಪಾಯಿ ಬರಲಿಲ್ಲ.

ನಮ್ಮದು ಗೋಕಾಕದಲ್ಲಿ ಸಣ್ಣ ಪ್ರಿಂಟಿಂಗ್ ಪ್ರೆಸ್. ಅಪ್ಪ ಒಂದು ಟ್ರೆಡಲ್ ಮಷೀನ್ (ಅಚ್ಚುಮೊಳೆ ಜೋಡಿಸಿ ಛಾಪಿಸುವ ಹಳೆ ಮಷೀನ್) ಇಟ್ಟುಕೊಂಡು ಶುರು ಮಾಡಿದ್ದು. ಆಮೇಲೆ ಸಾಲ ಮಾಡಿ ಮಿನಿ ಆಫ್‌ಸೆಟ್ ಮತ್ತು ಕಟಿಂಗ್ ಮಷೀನ್ ಹಾಕಿದೆವು. ಲಗ್ನಪತ್ರಿಕೆ, ಬಿಲ್ ಬುಕ್, ಪಾವತಿ (ರಸೀದಿ) ಪುಸ್ತಕ, ಶಾಲೆಗಳ ಕೆಲಸ. ಜಾಗ ಸಾಲದೇ 2016ರಲ್ಲಿ ಹಳೆ ಗಲ್ಲಿ ಬಿಟ್ಟು ಪೇಟೆಯ ತಗ್ಗಿನ ಕಡೆ ದೊಡ್ಡ ಖೋಲಿ ಬಾಡಿಗೆಗೆ ಹಿಡಿದೆವು. ಬೋರ್ಡ್ ಹೊಸದು ಬರೆಸಿದೆವು. ವಿಸಿಟಿಂಗ್ ಕಾರ್ಡ್ ನಾವೇ ಛಾಪಿಸಿಕೊಂಡೆವು. ಮರುವರ್ಷ ಜಿಎಸ್‌ಟಿ ಬಂದಾಗ ಹೊಸ ವಿಳಾಸವನ್ನೇ ಕೊಟ್ಟೆವು. ಸಾಲ ಕೊಟ್ಟ ಬ್ಯಾಂಕಿನ ಮೂಲಕ ಆಗಿದ್ದ ಪಾಲಿಸಿ ಒಂದು ಮಾತ್ರ ಯಾರಿಗೂ ನೆನಪಾಗಲಿಲ್ಲ. ವ್ಯಾಪಾರದ ಸಾಲದ ಕ್ಯಾಶ್ ಕ್ರೆಡಿಟ್ ಖಾತೆಯಿಂದ ವರ್ಷಕ್ಕೊಮ್ಮೆ ಪ್ರೀಮಿಯಂ ತಾನಾಗೇ ಕಟ್ ಆಗುತ್ತಿತ್ತು. ಮೊಬೈಲಿಗೆ ಮೆಸೇಜ್ ಬರುತ್ತಿತ್ತು. ಅದನ್ನು ನೋಡಿ ನಿಶ್ಚಿಂತೆಯಿಂದ ಇದ್ದೆವು.

2019ರ ಆಗಸ್ಟ್. ಪಂಚಮಿ ಹಬ್ಬದ ವಾರ. ಗಣೇಶ ಹಬ್ಬಕ್ಕೆ ತಿಂಗಳೂ ಇರಲಿಲ್ಲ, ಮಂಡಳಿಗಳ ಪಾವತಿ ಪುಸ್ತಕದ ಆರ್ಡರ್ ಸಾಲಾಗಿ ಬಂದಿದ್ದವು. ಅದಕ್ಕೆ ಅಂತಲೇ ಬೆಳಗಾವಿಯಿಂದ ಕಾಗದ ತರಿಸಿ ನೆಲದಿಂದ ಸೂರಿನ ತನಕ ರ‍್ಯಾಕ್ ತುಂಬಿದ್ದೆವು. ವರ್ಷದಲ್ಲಿ ಮಾಲು ಅತಿ ಜಾಸ್ತಿ ಇರುವ ಸಮಯ ಅದೇ. ಹೊಳೆ ಬರುವ ಸಮಯವೂ ಅದೇ. ಇಷ್ಟು ವರ್ಷ ಈ ಎರಡನ್ನೂ ಜೋಡಿಸಿ ನೋಡಿರಲಿಲ್ಲ.

ಗೋಕಾಕದ ನೀರಿನ ಲೆಕ್ಕ ಗೋಕಾಕದ ಮಳೆಯಿಂದ ತಿಳಿಯುವುದಿಲ್ಲ. ಘಟಪ್ರಭೆ ಪಶ್ಚಿಮ ಘಟ್ಟದಿಂದ ಬರುತ್ತದೆ. ಹಿರಣ್ಯಕೇಶಿ ಮಹಾರಾಷ್ಟ್ರದ ಆಂಬೋಲಿ ಕಡೆಯಿಂದ ಬಂದು ಅದಕ್ಕೆ ಸೇರುತ್ತದೆ. ಮಾರ್ಕಂಡೇಯ ಬೆಳಗಾವಿ ಕಡೆಯ ನೀರು ಹೊತ್ತು ತರುತ್ತದೆ. ಘಟಪ್ರಭೆಗೆ ಕಟ್ಟಿದ ಹಿಡಕಲ್ ಡ್ಯಾಮ್ ಹಿಡಿಯುವುದು 51 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ ನೀರು). ಅದು ತುಂಬಿದ ಮೇಲೆ ಬಂದಷ್ಟು ನೀರು ಬಿಡಲೇಬೇಕು. ಪೇಪರಿನಲ್ಲಿ ದಿನಾ ಕ್ಯೂಸೆಕ್ ಲೆಕ್ಕ (ಸೆಕೆಂಡಿಗೆ ಎಷ್ಟು ಘನ ಅಡಿ ನೀರು ಅಂತ) ಬರುತ್ತಿತ್ತು, ಓದುತ್ತಲೂ ಇದ್ದೆ. ದಿನವಿಡೀ ಹನ್ನೊಂದೂವರೆ ಸಾವಿರ ಕ್ಯೂಸೆಕ್ ಹರಿದರೆ ಹೆಚ್ಚುಕಡಿಮೆ ಒಂದು ಟಿಎಂಸಿ ಅಂತ ಆಗ ಗೊತ್ತಿರಲಿಲ್ಲ. ಗೊತ್ತಿದ್ದರೆ ಆ ಅಂಕಿ ನೋಡಿ ಮೈ ಜುಮ್ಮೆನ್ನುತ್ತಿತ್ತು.

ನಮ್ಮ ಮಷೀನ್ ನಡೆಸುವ ಕಾಕಾ ಅಪ್ಪನ ಕಾಲದವರು. "ಕಾಕಾ, ಮಾಲ್ ಮ್ಯಾಲ ಎತ್ತಿಡೂಣೇನ್ರಿ?" ಅಂತ ಕೇಳಿದೆ. "ಏನೂ ಆಗೂದಿಲ್ಲಪಾ. ಹೆಚ್ಚಂದ್ರ ಮೊಣಕಾಲ ಮಟಾ ಬಂದೀತು, ಹಿಂದಾಗಡೆ ಹಂಗ ಬಂದಿತ್ತು" ಅಂದರು. ಅವರ ತಪ್ಪಲ್ಲ. ಅವರು ಕಂಡಿದ್ದು ಅಷ್ಟೇ. ನಾವು ಕೆಳಗಿನ ಎರಡು ಸಾಲು ಕಾಗದ ಎತ್ತಿ ಟೇಬಲ್ ಮೇಲೆ ಇಟ್ಟೆವು. ಮೇನ್ ಸ್ವಿಚ್ ಆಫ್ ಮಾಡಿ ಶಟರ್ ಎಳೆದು ಮನೆಗೆ ಹೋದೆವು. ಆ ಟೇಬಲ್ಲೇ ತೇಲಿತು. ನೀರು ಎದೆಮಟ್ಟ ದಾಟಿತ್ತು.

ನೀರು ಇಳಿದ ಮೇಲೆ ಶಟರ್ ಮೇಲಕ್ಕೆ ಹೋಗಲಿಲ್ಲ. ಒಳಗಿನಿಂದ ಕೆಸರು ಒತ್ತಿತ್ತು. ನಾಲ್ಕು ಜನ ಸೇರಿ ಹಾರೆ ಹಾಕಿ ಎತ್ತಿದೆವು. ಕಾಗದ ನೀರು ಕುಡಿದರೆ ಹೇಗಾಗುತ್ತದೆ ಅಂತ ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ರಿಮ್‌ಗಳು, ಅಂದರೆ ಕಾಗದದ ಕಟ್ಟುಗಳು, ಉಬ್ಬಿ ರ‍್ಯಾಕಿನಲ್ಲಿ ಬಿಗಿದು ಕೂತಿದ್ದವು. ಒಂದನ್ನೂ ಎಳೆಯಲು ಆಗಲಿಲ್ಲ. ಎರಡು ಕಡೆ ಕಬ್ಬಿಣದ ವೆಲ್ಡಿಂಗೇ ಬಿಟ್ಟಿತ್ತು. ಆರ್ಟ್ ಪೇಪರ್ ಹಾಳೆಗಳು ಒಂದಕ್ಕೊಂದು ಅಂಟಿ, ಎರಡು ದಿನ ಬಿಟ್ಟು ನೋಡಿದರೆ ಮರದ ಹಲಗೆಯ ಹಾಗಾಗಿದ್ದವು. ಬೆರಳಿಂದ ತಟ್ಟಿದರೆ ಟಕ್ ಟಕ್ ಅನ್ನುತ್ತಿತ್ತು. ಆಫ್‌ಸೆಟ್ಟಿನ ಮೋಟರ್ ಮತ್ತು ಬೋರ್ಡ್ ಹೋದವು. ಕಂಪ್ಯೂಟರಿನ ಸಿಪಿಯು ಟೇಬಲ್ ಕೆಳಗೆ ನೆಲದ ಮೇಲೇ ಇತ್ತು, ಗಿರಾಕಿಗಳ ಅಷ್ಟೂ ವರ್ಷದ ಡಿಸೈನ್ ಅದರಲ್ಲಿತ್ತು. ಬ್ಯಾಕಪ್ ಹಾಕಿದ ಪೆನ್‌ಡ್ರೈವ್ ಅದೇ ಟೇಬಲ್ಲಿನ ಡ್ರಾವರಿನಲ್ಲಿತ್ತು. ಉಳಿದದ್ದು ಅಪ್ಪನ ಟ್ರೆಡಲ್ ಒಂದೇ. ಬೀಡು ಕಬ್ಬಿಣ ಅಲ್ವಾ, ಸೀಮೆಎಣ್ಣೆ ಹಾಕಿ ಉಜ್ಜಿ, ಆಯಿಲ್ ಬಿಟ್ಟ ಮೇಲೆ ತಿರುಗಿತು. ಆ ಗಣೇಶ ಹಬ್ಬಕ್ಕೆ ನಾವು ಮಾಡಿಕೊಟ್ಟ ಒಂದೇ ಕೆಲಸ ಅಂದರೆ ಬೇರೆ ಪ್ರೆಸ್ಸಿನಲ್ಲಿ ಛಾಪಿಸಿದ ಪಾವತಿ ಪುಸ್ತಕಗಳಿಗೆ ಆ ಟ್ರೆಡಲ್ ಮೇಲೆ ನಂಬರ್ ಹಾಕಿದ್ದು.

ಇನ್ನು ನಾವು ಮಾಡಿದ ದೊಡ್ಡ ತಪ್ಪು. ಇದನ್ನು ದಯವಿಟ್ಟು ಮನಸ್ಸಿಟ್ಟು ಓದಿ.

ಕೆಸರಿನ ವಾಸನೆ ತಡೆಯಲಾಗುತ್ತಿರಲಿಲ್ಲ. ಓಣಿಯವರೆಲ್ಲ ತಮ್ಮ ತಮ್ಮ ಸಾಮಾನು ಹೊರಗೆ ಹಾಕುತ್ತಿದ್ದರು. ಕಸ ಒಯ್ಯುವ ಟ್ರ್ಯಾಕ್ಟರ್ ಬಾಗಿಲಿಗೇ ಬಂದಿತ್ತು. ನಾವೂ ಎಲ್ಲ ಕಾಗದ ಅದಕ್ಕೆ ತುಂಬಿ ಕಳಿಸಿಬಿಟ್ಟೆವು. ಒಂದು ಫೋಟೋ ತೆಗೆಯಲಿಲ್ಲ. ಎಷ್ಟು ರಿಮ್ ಹೋಯಿತು ಅಂತ ಎಣಿಸಲಿಲ್ಲ. ನಾಲ್ಕು ದಿನ ಬಿಟ್ಟು ಇನ್ಶೂರೆನ್ಸ್ ಕಡೆಯಿಂದ ನಷ್ಟ ಅಳೆಯುವ ಸರ್ವೇಯರ್ ಬಂದರು. ಅವರು ಕೇಳಿದ ಮೊದಲ ಮಾತು, "ಹಾಳಾದ ಮಾಲು ಎಲ್ಲಿದೆ?" ತೊಳೆದು ಸ್ವಚ್ಛ ಮಾಡಿದ ಖಾಲಿ ಖೋಲಿ ತೋರಿಸಿದೆ. ಅವರು ಏನೂ ಅನ್ನಲಿಲ್ಲ, ಬರೆದುಕೊಂಡರು.

ಆಮೇಲೆ ಬಿಲ್ ಕೇಳಿದರು. ಬಿಲ್ ಫೈಲ್, ಸ್ಟಾಕ್ ರಿಜಿಸ್ಟರ್ ಎಲ್ಲ ಗೋದ್ರೇಜ್ ಬೀರುವಿನ ಕೆಳಗಿನ ಖಾನೆಯಲ್ಲಿದ್ದವು. ಮುದ್ದೆಯಾಗಿದ್ದವು. ಇಲ್ಲಿ ಒಂದು ವಿಷಯ ನಮಗೆ ನೆರವಾಯಿತು, ನಿಮಗೂ ಆಗಬಹುದು. ನಾವು ಖರೀದಿಸಿದ ಮಾಲಿನ ಬಿಲ್ಲುಗಳ ವಿವರ ಜಿಎಸ್‌ಟಿ ಪೋರ್ಟಲ್ಲಿನ ಜಿಎಸ್‌ಟಿಆರ್-2ಎ ಯಲ್ಲಿ ಸಿಕ್ಕಿತು. ಮಾರಿದ ವ್ಯಾಪಾರಿ ರಿಟರ್ನ್ ತುಂಬಿದ್ದರೆ ಅಲ್ಲಿ ಬಂದಿರುತ್ತದೆ. ಅದನ್ನು ಪ್ರಿಂಟ್ ತೆಗೆದುಕೊಂಡು ಹೋಗಿ ಬೆಳಗಾವಿಯ ಕಾಗದದ ವ್ಯಾಪಾರಿಗಳಿಂದ ಬಿಲ್ಲಿನ ಪ್ರತಿ ಮಾಡಿಸಿಕೊಂಡೆ. ಇಷ್ಟೆಲ್ಲ ಓಡಾಡಿ, ಕಾಗದಪತ್ರ ಕೂಡಿಸಿ ಕೊಟ್ಟ ಮೇಲೆ ಕಂಪನಿಯಿಂದ ಪತ್ರ ಬಂತು. ಪಾಲಿಸಿಯಲ್ಲಿ ಬರೆದ ಜಾಗದಲ್ಲಿ ನಷ್ಟ ಆಗಿಲ್ಲ, ಹಾಗಾಗಿ ಕ್ಲೇಮ್ ಕೊಡಲು ಬರುವುದಿಲ್ಲ.

ಆ ದಿನ ಬ್ಯಾಂಕಿಗೆ ಹೋಗಿ ಮೊದಲ ಬಾರಿ ಪಾಲಿಸಿಯ ಪ್ರತಿ ಕೈಯಲ್ಲಿ ಹಿಡಿದೆ. ರಿಸ್ಕ್ ಲೊಕೇಶನ್ (ಯಾವ ಜಾಗಕ್ಕೆ ಇನ್ಶೂರೆನ್ಸ್) ಅನ್ನುವ ಕಾಲಂನಲ್ಲಿ ನಮ್ಮ ಹಳೆ ಗಲ್ಲಿಯ ವಿಳಾಸ ಇತ್ತು. ಮೂರು ವರ್ಷ ನಾವು ಇಲ್ಲದ ಖೋಲಿಗೆ ಇನ್ಶೂರೆನ್ಸ್ ಕಟ್ಟಿದ್ದೆವು. ಜಾಗ ಬದಲಾಗಿದ್ದನ್ನು ಬ್ಯಾಂಕಿಗೆ ಬರೆದು ಕೊಟ್ಟಿದ್ದೀರಾ ಅಂತ ಕೇಳಿದರು. ಬಾಯಿಮಾತಿನಲ್ಲಿ ಹೇಳಿದ್ದೆವು. ಬರೆದು ಕೊಟ್ಟಿರಲಿಲ್ಲ. ಅಪ್ಪ ಮನೆಗೆ ಬಂದು ಆ ಪತ್ರ ಮೂರು ಸಲ ಓದಿಸಿಕೊಂಡರು. "ಪ್ರತಿ ವರ್ಷ ರೊಕ್ಕ ಕಟ್ ಮಾಡ್ಯಾರಲ್ಲೋ?" ಅಂತ ಮಾತ್ರ ಕೇಳಿದರು.

ಇಂಥ ತಕರಾರು ಕೇಳಿ ಬಗೆಹರಿಸಲು ಇನ್ಶೂರೆನ್ಸ್ ಒಂಬುಡ್ಸ್‌ಮನ್ ಅಂತ ಇದ್ದಾರೆ, ಕರ್ನಾಟಕದ ಕಚೇರಿ ಬೆಂಗಳೂರಿನಲ್ಲಿದೆ. ಮೈಕ್ರೋ, ಅಂದರೆ ತೀರಾ ಸಣ್ಣ ಉದ್ಯಮದವರೂ ಹೋಗಬಹುದು, ಖರ್ಚಿಲ್ಲ. ಆದರೆ ಕಂಪನಿ ಇಲ್ಲ ಅಂದ ದಿನದಿಂದ ಒಂದು ವರ್ಷದೊಳಗೆ ಹೋಗಬೇಕು. ನಮಗೆ ಅದು ಗೊತ್ತಾಗುವಷ್ಟರಲ್ಲಿ ವರ್ಷ ದಾಟಿತ್ತು. ನೀವು ತಡ ಮಾಡಬೇಡಿ. ಹಾಗೆಯೇ, ಸರ್ಕಾರ ನೆರೆಪೀಡಿತ ಅಂತ ಘೋಷಿಸಿದ ಕಡೆ ಸಾಲದ ಕಂತು ಮುಂದೂಡಿ ಕೊಡಲು ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. ಸಂಕೋಚ ಪಡದೆ ಅರ್ಜಿ ಕೊಡಿ. ನಾವು ಮರ್ಯಾದೆಗೆ ಅಂಜಿ, ಹೆಂಡತಿಯ ಬಂಗಾರ ಅಡವಿಟ್ಟು ಕಂತು ಕಟ್ಟಿದೆವು. ಅದು ಬೇಕಿರಲಿಲ್ಲ.

ಪಾಲಿಸಿ ಕೈಗೆ ಬಂದ ಮೇಲೆ ವಿಳಾಸ ಅಷ್ಟೇ ನೋಡಿ ಇಡಬೇಡಿ. ಗೋಡೌನ್ ಬೇರೆ ಕಡೆ ಇದ್ದರೆ ಆ ವಿಳಾಸವೂ ಅದರಲ್ಲಿ ಇರಬೇಕು. ಪ್ರವಾಹ ಸೇರಿದೆಯಾ ನೋಡಿ. ಹಳೆ ಬೆಂಕಿ ಪಾಲಿಸಿಗಳಲ್ಲಿ ಪ್ರೀಮಿಯಂ ಸ್ವಲ್ಪ ಕಡಿಮೆ ಆಗಲಿ ಅಂತ ಬಿರುಗಾಳಿ, ಪ್ರವಾಹದ ಭಾಗ ತೆಗೆಸಲು ಅವಕಾಶ ಇತ್ತು. 2021ರ ಏಪ್ರಿಲ್‌ನಿಂದ ಸಣ್ಣವರಿಗೆ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಅನ್ನುವ ಪಾಲಿಸಿ ಬಂದಿದೆ. ಒಂದು ಜಾಗದಲ್ಲಿ 5 ಕೋಟಿ ರೂಪಾಯಿವರೆಗಿನ ಆಸ್ತಿ, ಮಾಲು ಇರುವವರಿಗೆ. ಅದರಲ್ಲಿ ಪ್ರವಾಹ ಸೇರಿಯೇ ಇರುತ್ತದೆ.

ಮೊತ್ತದ ವಿಷಯದಲ್ಲಿ ಜಾಸ್ತಿ ಜನ ಮೋಸ ಹೋಗುತ್ತಾರೆ. ಹತ್ತು ಲಕ್ಷದ ಮಾಲು ಇಟ್ಟುಕೊಂಡು ಐದು ಲಕ್ಷಕ್ಕೆ ಇನ್ಶೂರೆನ್ಸ್ ಮಾಡಿಸಿದ್ದೀರಿ ಅಂತಿಟ್ಟುಕೊಳ್ಳಿ. ನಾಲ್ಕು ಲಕ್ಷದ ಮಾಲು ಹಾಳಾಯಿತು. ಐದರೊಳಗೇ ಇದೆಯಲ್ಲ, ನಾಲ್ಕೂ ಬರುತ್ತದೆ ಅಂತ ಅನಿಸುತ್ತದೆ ಅಲ್ವಾ? ಇಲ್ಲ. ಅರ್ಧಕ್ಕೆ ಮಾಡಿಸಿದ್ದೀರಿ, ಅರ್ಧವೇ ಕೊಡುತ್ತಾರೆ, ಎರಡು ಲಕ್ಷ. ಹೊಸ ಪಾಲಿಸಿಯಲ್ಲಿ 15 ಪರ್ಸೆಂಟ್ ತನಕದ ವ್ಯತ್ಯಾಸ ಬಿಟ್ಟುಕೊಡುತ್ತಾರೆ, ಅದಕ್ಕಿಂತ ಮೇಲಾದರೆ ಇದೇ ಲೆಕ್ಕ. ನಮ್ಮ ಪಾಲಿಸಿಯ ಮೊತ್ತ ಸಾಲ ತೆಗೆದ ವರ್ಷದ್ದೇ ಇತ್ತು, ಆಮೇಲೆ ಮಾಲು ಎರಡು ಪಟ್ಟಾಗಿತ್ತು. ವಿಳಾಸ ಸರಿ ಇದ್ದರೂ ನಮಗೆ ಅರ್ಧವೇ ಸಿಗುತ್ತಿತ್ತು. ನಿಮ್ಮ ಹಬ್ಬದ ಸೀಸನ್ನಿನಲ್ಲಿ ಮಾಲು ಎಷ್ಟಿರುತ್ತದೋ ಆ ಲೆಕ್ಕಕ್ಕೆ ಮಾಡಿಸಿ.

2020ರ ಮಾರ್ಚಿಗೆ ಲಾಕ್‌ಡೌನ್ ಬಂತು. ಲಗ್ನದ ಸೀಸನ್ ಪೂರ್ತಿ ಹೋಯಿತು. ಹೊಳೆಯಿಂದ ಎದ್ದು ನಿಲ್ಲುವ ಹೊತ್ತಿಗೆ ಅದು. ಪ್ರವಾಹದ ಪಾಲಿಸಿ ಇದಕ್ಕೆಲ್ಲ ಬರುವುದಿಲ್ಲ. ಮೂರು ತಿಂಗಳ ಬಾಡಿಗೆ, ಕರೆಂಟ್ ಬಿಲ್, ಆಳಿನ ಪಗಾರ ಬೇರೆ ಖಾತೆಯಲ್ಲಿ ಇರಲೇಬೇಕು. ಅದನ್ನು ವ್ಯಾಪಾರಕ್ಕೆ ಮುಟ್ಟಬಾರದು. ಇವತ್ತಿಗೂ ಕಷ್ಟಪಟ್ಟು ಅದನ್ನು ಕಾಪಾಡಿಕೊಂಡು ಬಂದಿದ್ದೇವೆ.

2021ರ ಜುಲೈನಲ್ಲಿ ಮತ್ತೆ ಹೊಳೆ ಬಂತು. ಆ ಸಲ ನಾವು ಕಾಯಲಿಲ್ಲ. ಮೊದಲೇ ಗೋಡೆಗೆ ಕಬ್ಬಿಣದ ಆಂಗಲ್ ಹಾಕಿಸಿ ಏಳು ಅಡಿ ಎತ್ತರಕ್ಕೆ ಅಟ್ಟ ಮಾಡಿಸಿದ್ದೆವು. ಕೆಳಗೆ ಒಂದು ವಾರದ ಕಾಗದ ಮಾತ್ರ ಇಡುತ್ತಿದ್ದೆವು. ಆಫ್‌ಸೆಟ್ಟಿನ ಮೋಟರ್ ಬಿಚ್ಚುವುದನ್ನು ಮೆಕ್ಯಾನಿಕ್ ಕಡೆಯಿಂದ ಕಾಕಾ ಕಲಿತಿದ್ದರು. ಬೇಕಾಗುವ ಪಾನಾ ಅಲ್ಲೇ ಮೊಳೆಗೆ ತೂಗುಹಾಕಿತ್ತು. ಡ್ಯಾಮಿನಿಂದ ಬಿಡುವ ನೀರು ಏರುತ್ತಿದೆ ಅಂತ ಗೊತ್ತಾದ ಕೂಡಲೇ, ಹಗಲು ಹೊತ್ತಿನಲ್ಲೇ, ಕಾಕಾ ಮೋಟರ್ ಬಿಚ್ಚಿದರು. ಹತ್ತಿರದ ಎತ್ತರದ ಓಣಿಯಲ್ಲಿರುವ ಸೋದರಮಾವನ ಮನೆಗೆ ಟೆಂಪೋದಲ್ಲಿ ಸಾಗಿಸಿದೆವು. ಟೆಂಪೋದವರ ಜೊತೆ ಜೂನ್‌ನಲ್ಲೇ ಮಾತಾಡಿ ಇಟ್ಟಿದ್ದೆ, ಯಾಕೆಂದರೆ ನೀರು ಬಂದ ದಿನ ಊರಿಗೆ ಊರೇ ಟೆಂಪೋ ಹುಡುಕುತ್ತದೆ. ಸಾಮಾನು ಸಾಗಿಸುವ ಜಾಗ ಹೊಳೆಯ ಇದೇ ದಂಡೆಗಿರಲಿ. ನಮ್ಮಲ್ಲಿ ಹೊಳೆ ದಾಟುವ ಲೋಳಸೂರ ಸೇತುವೆ ಮೇಲೆ ನೀರು ಹತ್ತಿದರೆ ಆ ಕಡೆಯ ದಾರಿ ಬಂದ್.

ಆ ಸಲ ಪ್ರೆಸ್ಸಿನೊಳಗೆ ನೀರು ಬಂತು. ಆದರೆ ಹನ್ನೆರಡು ದಿನಕ್ಕೆ ಮಷೀನ್ ತಿರುಗಿತು. ನೀರು ಇಳಿದ ಮೇಲೆ ಎಲೆಕ್ಟ್ರಿಷಿಯನ್ ಬಂದು ವೈರಿಂಗ್ ನೋಡುವ ತನಕ ಮೇನ್ ಸ್ವಿಚ್ ಮುಟ್ಟಲಿಲ್ಲ. ಕಸಬರಿಗೆ ಹಿಡಿಯುವ ಮೊದಲು ಮೊಬೈಲಿನಲ್ಲಿ ಮೂಲೆ ಮೂಲೆಯ ಫೋಟೋ ತೆಗೆದೆ, ಗೋಡೆಯ ಮೇಲೆ ನೀರು ನಿಂತ ಗೆರೆಗೆ ಟೇಪ್ ಹಿಡಿದು ಅಳತೆ ಕಾಣುವ ಹಾಗೆ. ನೆನೆದ ಸಾಮಾನನ್ನು ಹಿತ್ತಲಲ್ಲಿ ತಾಡಪತ್ರಿಯ ಕೆಳಗೆ ಹಾಗೇ ಇಟ್ಟೆವು. ಡಿಸೈನ್ ಫೈಲುಗಳು ಈಗ ಗೂಗಲ್ ಡ್ರೈವಿನಲ್ಲಿವೆ, ಒಂದು ಹಾರ್ಡ್‌ಡಿಸ್ಕ್ ಮನೆಯ ದೇವರ ಕೋಣೆಯಲ್ಲಿದೆ. ತಿಂಗಳ ಕೊನೆಗೆ ಸ್ಟಾಕ್ ರಿಜಿಸ್ಟರಿನ ಪುಟದ ಫೋಟೋ ತೆಗೆದು ಹೆಂಡತಿಗೂ ತಮ್ಮನಿಗೂ ವಾಟ್ಸಾಪ್ ಮಾಡುತ್ತೇನೆ.

ಪಾಲಿಸಿ ತಿದ್ದಿಸುವುದಿದ್ದರೆ ಮೇ ತಿಂಗಳೊಳಗೆ ಮಾಡಿಸಿ. ಅರ್ಜಿ ಬರೆದು ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಸೀಲ್, ಸಹಿ, ತಾರೀಖು ಹಾಕಿಸಿಕೊಳ್ಳಿ. ನಾಳೆ ಬನ್ನಿ ಅಂದರೆ ನಾಳೆ ಹೋಗಿ. ತಿದ್ದಿದ ಪ್ರತಿ ಕೈಗೆ ಬರುವ ತನಕ ಬಿಡಬೇಡಿ, ಬಂದ ಮೇಲೆ ಪೂರ್ತಿ ಓದಿ. ಈ ವರ್ಷ ನಮ್ಮ ಪಾಲಿಸಿ ಬಂದಾಗ ನಾನೂ ಹೆಂಡತಿಯೂ ಕೂತು ಸಾಲು ಸಾಲು ಓದಿದೆವು. ವಿಳಾಸ ಸರಿ ಇತ್ತು. ಮೊತ್ತ ಸರಿ ಇತ್ತು. ವ್ಯಾಪಾರದ ಕಾಲಂನಲ್ಲಿ ಮಾತ್ರ ಪ್ರಿಂಟಿಂಗ್ ಪ್ರೆಸ್ ಬದಲು ಸ್ಟೇಷನರಿ ಅಂಗಡಿ ಅಂತ ಬರೆದಿದ್ದರು. ಎರಡು ಸಲ ಓಡಾಡಿ ಸರಿ ಮಾಡಿಸಿಕೊಂಡು ಬಂದೆ.