ಬೆರಳಿಗೆ ಸಿಗುವ ಸಹ್ಯಾದ್ರಿ: ಕರ್ನಾಟಕದ ಉಬ್ಬು ನಕ್ಷೆ, ಒಂದು ವರ್ಷ ಬಳಸಿದ ಮೇಲೆ

ನಾನು ಬೇಲೂರು ತಾಲ್ಲೂಕಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಆರು, ಏಳನೇ ತರಗತಿಗೆ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಕಳೆದ ಜೂನ್‌ನಲ್ಲಿ ಹಾಸನದ ಸ್ಟೇಷನರಿ ಅಂಗಡಿಯೊಂದರಲ್ಲಿ ಕರ್ನಾಟಕದ ಉಬ್ಬು ನಕ್ಷೆ ಕೊಂಡೆ. ಪ್ಲಾಸ್ಟಿಕ್ಕಿನದು, ಬೆಟ್ಟ ಇರುವ ಕಡೆ ಉಬ್ಬಿರುತ್ತದೆ. ಬೆಲೆ 780 ರೂಪಾಯಿ. ಮಡಿಸುವ ಹಾಗಿಲ್ಲ, ಬಸ್ಸಿನಲ್ಲಿ ತೊಡೆ ಮೇಲೆ ನಿಲ್ಲಿಸಿಕೊಂಡೇ ತಂದೆ.

ಇದನ್ನು ತಂದಿದ್ದಕ್ಕೆ ಒಂದು ಕಾರಣ ಇದೆ. ಗೋಡೆಯ ನಕ್ಷೆಯಲ್ಲಿ ಉತ್ತರ ಮೇಲಿರುತ್ತದೆ. ಹಾಗಾಗಿ ಉತ್ತರ ಅಂದರೆ ಎತ್ತರ, ನದಿಗಳೆಲ್ಲ ದಕ್ಷಿಣಕ್ಕೆ ಇಳಿಯಬೇಕು ಅಂತ ಮಕ್ಕಳು ಅಂದುಕೊಂಡುಬಿಡುತ್ತಾರೆ. ತುಂಗಭದ್ರೆ ಈಶಾನ್ಯಕ್ಕೆ ಹರಿಯುತ್ತದೆ ಅಂದರೆ, "ನೀರು ಮೇಲಕ್ಕೆ ಹೆಂಗೆ ಹೋಗುತ್ತೆ ಮಿಸ್?" ಅಂತ ಕೇಳುತ್ತಾರೆ. ಪ್ರತಿ ವರ್ಷ ಇದೇ ಪ್ರಶ್ನೆ. ಬಾಯಲ್ಲಿ ಎಷ್ಟು ಹೇಳಿದರೂ ತಲೆಗೆ ಹತ್ತುತ್ತಿರಲಿಲ್ಲ.

ಈ ಸಲ ನಕ್ಷೆಯನ್ನು ನೆಲಕ್ಕೆ ಹಾಕಿದೆ. ಮಕ್ಕಳು ಸುತ್ತ ಕೂತರು. ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುವುದು ನಮ್ಮ ಪಕ್ಕದ ಚಿಕ್ಕಮಗಳೂರಿನ ಕುದುರೆಮುಖ ಬೆಟ್ಟಸಾಲಿನಲ್ಲಿ. ಅಲ್ಲಿಗೆ ಇಂಕ್ ಫಿಲ್ಲರ್‌ನಿಂದ ಎರಡು ಹನಿ ನೀರು ಬಿಟ್ಟೆ. ಪಡುವಣ ಕಡೆಯ ಹನಿ ಸರ್ರನೆ ಜಾರಿ ಮಂಗಳೂರಿನ ಸಮುದ್ರಕ್ಕೆ ಹೋಯಿತು. ಮೂಡಣ ಕಡೆಯದು ಸ್ವಲ್ಪ ಇಳಿದು ನಿಂತುಬಿಟ್ಟಿತು. ಅಲ್ಲಿ ಪ್ರಸ್ಥಭೂಮಿ ಶುರು, ಅಷ್ಟು ಇಳಿಜಾರಿಲ್ಲ. ಆರನೇ ತರಗತಿಯ ಹುಡುಗಿಯೊಬ್ಬಳು ಆ ಹನಿಯನ್ನು ಬೆರಳಿನಿಂದ ಎಳೆದುಕೊಂಡು ಹೊರಟಳು. ತುಂಗೆ, ಭದ್ರೆ ಸೇರುವ ಕೂಡಲಿ, ಆಮೇಲೆ ಹರಿಹರ, ಹೊಸಪೇಟೆ ದಾಟಿ ಹಂಪಿಗೆ ಬಂದು ನಿಂತಳು. "ಹಂಗಾದ್ರೆ ಹಂಪಿ ರಾಜರು ನಮ್ಮ ಮಲೆನಾಡ ನೀರೇ ಕುಡಿದಿದ್ದು ಅಲ್ವಾ ಮಿಸ್?" ಅಂದಳು. ಭೂಗೋಳದ ಪಾಠ ಮಾಡಲು ಕೂತಿದ್ದ ನಾನು ಇತಿಹಾಸದ ಪಾಠ ಶುರು ಮಾಡಿದ್ದು ಅಲ್ಲಿಂದಲೇ.

ಹೊಯ್ಸಳರನ್ನೂ ಇದರ ಮೇಲೇ ಮಾಡಿದೆ. ಅವರ ನೆಲೆ ಮೊದಲು ಮೂಡಿಗೆರೆ ತಾಲ್ಲೂಕಿನ ಅಂಗಡಿ ಅನ್ನುವ ಊರು, ಅಂದರೆ ಹಳೆಯ ಸೊಸೆವೂರು. ಆಮೇಲೆ ಬೇಲೂರು. ಆಮೇಲೆ ದ್ವಾರಸಮುದ್ರ, ಇವತ್ತಿನ ಹಳೇಬೀಡು. ಈ ಮೂರು ಊರುಗಳ ಮೇಲೆ ಬೆರಳಾಡಿಸಿದರೆ ಕಾಡುಬೆಟ್ಟದಿಂದ ಬಯಲಿನ ಕಡೆಗೆ ಬರುವುದು ಕೈಗೇ ಗೊತ್ತಾಗುತ್ತದೆ. ಬಯಲಿಗೆ ಬಂದರೆ ಏನು ಸಿಗುತ್ತದೆ ಅಂತ ಕೇಳಿದೆ. "ಗದ್ದೆಗೆ ಜಾಗ", "ಕೆರೆ ಕಟ್ಟಬಹುದು", "ಗಾಡಿ ಓಡಾಡುತ್ತೆ" ಅಂತ ಅವರೇ ಹೇಳಿದರು. 1117ರಲ್ಲಿ ವಿಷ್ಣುವರ್ಧನ ಚೆನ್ನಕೇಶವ ದೇವಸ್ಥಾನ ಕಟ್ಟಿಸಿದ, 1311ರಲ್ಲಿ ದೆಹಲಿ ಸುಲ್ತಾನನ ದಂಡನಾಯಕ ಮಲಿಕ್ ಕಾಫರ್ ದ್ವಾರಸಮುದ್ರದ ಮೇಲೆ ದಂಡೆತ್ತಿ ಬಂದ. ಇಷ್ಟು ದಿನ ಸುಮ್ನೆ ಬಾಯಿಪಾಠ ಆಗಿದ್ದ ಇಸವಿಗಳಿಗೆ ಈಗ ಒಂದು ಜಾಗ ಸಿಕ್ಕಿತು.

ಇನ್ನು ಕೊರತೆ. ಬೆಟ್ಟಗಳನ್ನು ತುಂಬಾ ಎತ್ತರ ಮಾಡಿದ್ದಾರೆ. ಉತ್ತರದಿಂದ ದಕ್ಷಿಣಕ್ಕೆ ಸುಮಾರು 750 ಕಿಲೋಮೀಟರ್ ಇರುವ ರಾಜ್ಯ ಇಲ್ಲಿ 75 ಸೆಂಟಿಮೀಟರ್ ಇದೆ. ಆ ಲೆಕ್ಕಕ್ಕೆ ಮುಳ್ಳಯ್ಯನಗಿರಿ 2 ಮಿಲಿಮೀಟರ್ ಕೂಡ ಇರಬಾರದು. ಆದರೆ ಹೆಬ್ಬೆರಳಿನ ಉಗುರಿನಷ್ಟು ಎದ್ದು ನಿಂತಿದೆ. ಹಾಗೆ ಮಾಡದಿದ್ದರೆ ಬೆಟ್ಟ ಕೈಗೆ ಸಿಗುವುದಿಲ್ಲ, ನಿಜ. ಆದರೆ ಮೂಲೆಯಲ್ಲಿ ಒಂದು ಸಾಲು ಬರೆಯಬೇಕಿತ್ತು. ನಾನು ಏಳನೇ ತರಗತಿಯವರ ಕೈಲಿ ಈ ಲೆಕ್ಕ ಮಾಡಿಸಿದೆ, ಖುಷಿಯಿಂದ ಮಾಡಿದರು.

ಅಕ್ಷರ ಸಣ್ಣದು, ಹಿಂದಿನ ಸಾಲಿಗೆ ಕಾಣುವುದಿಲ್ಲ. ಕರಾವಳಿಯ ಬಣ್ಣ ಆರು ತಿಂಗಳಿಗೇ ಸವೆಯಿತು. ಅಂಗಡಿ, ಹಲ್ಮಿಡಿ ಎರಡು ಊರನ್ನೂ ಗುರುತಿಸಿಲ್ಲ. ಸುಮಾರು ಕ್ರಿ.ಶ. 450ರ ಕನ್ನಡ ಶಾಸನ ಸಿಕ್ಕಿದ ಹಲ್ಮಿಡಿ ನಮ್ಮದೇ ತಾಲ್ಲೂಕು. ಮಕ್ಕಳಿಗೆ ಬೇಜಾರಾಯಿತು. ನನ್ನ ಹಣೆಯ ಸ್ಟಿಕ್ಕರ್ ಬೊಟ್ಟುಗಳನ್ನೇ ಕೊಟ್ಟೆ, ಎರಡೂ ಕಡೆ ಅಂಟಿಸಿದ್ದಾರೆ.

ನನಗೆ ಜಾಸ್ತಿ ಬೇಸರ ತಂದಿದ್ದು ಬೇರೆ. 2021ರಲ್ಲಿ ಆದ ವಿಜಯನಗರ ಜಿಲ್ಲೆಯೇ ಇದರಲ್ಲಿಲ್ಲ, ಹಂಪಿ ಇನ್ನೂ ಬಳ್ಳಾರಿಯಲ್ಲೇ ಇದೆ. ಹಳೇ ಸ್ಟಾಕ್ ಅಂತ ಅಂಗಡಿಯವರು ಮೊದಲೇ ಹೇಳಲಿಲ್ಲ, ಬದಲಾಯಿಸಿಯೂ ಕೊಡಲಿಲ್ಲ. ಗಡಿಯನ್ನು ಕೆಂಪು ಉಣ್ಣೆ ದಾರದಿಂದ ನಾವೇ ಅಂಟಿಸಿಕೊಂಡೆವು.

ಇಷ್ಟಾದರೂ ಹಿರಿಯ ಪ್ರಾಥಮಿಕ ಶಾಲೆಗೆ ಇದನ್ನು ಖಂಡಿತ ತನ್ನಿ ಅಂತಲೇ ಹೇಳುತ್ತೇನೆ. ಗೋಡೆಗೆ ನೇತು ಹಾಕಬೇಡಿ, ನೆಲಕ್ಕೆ ಹಾಸಿ. ಬಿಸಿಲಿಗೆ ಇಟ್ಟರೆ ಸೊಟ್ಟಗಾಗುತ್ತದೆ. ದುಡ್ಡು ಕೊಡುವ ಮೊದಲು ಅಂಗಡಿಯಲ್ಲೇ ನಿಂತು ಜಿಲ್ಲೆ ಎಣಿಸಿ, 31 ಇರಬೇಕು.