ಟರ್ಬೊ ಆಲ್-ವೀಲ್-ಡ್ರೈವ್ ಕಾರು ಮಳೆಗೆ ಇಳಿಸುವ ಮೊದಲು ದಯವಿಟ್ಟು ಇದನ್ನು ಓದಿ

ಆಲ್-ವೀಲ್-ಡ್ರೈವ್, ಅಂದರೆ ಇಂಜಿನ್ ಶಕ್ತಿ ನಾಲ್ಕೂ ಚಕ್ರಕ್ಕೆ ಹೋಗುವ ಕಾರು ಮಳೆಯಲ್ಲಿ ಜಾರುವುದಿಲ್ಲ ಎಂಬ ಮಾತು ನಮ್ಮ ಕಡೆ ಈಗ ಜಾಸ್ತಿ ಕೇಳುತ್ತಿದೆ. ಬೆಂಗಳೂರಿನಿಂದಲೋ ಕೊಚ್ಚಿಯಿಂದಲೋ ಸೆಕೆಂಡ್‌ಹ್ಯಾಂಡ್ ಜರ್ಮನ್ ಕಾರು ತರುವವರು ಕಾಸರಗೋಡಿನಲ್ಲಿ ಕಡಿಮೆ ಏನಿಲ್ಲ. ಗಲ್ಫಿನಿಂದ ರಜೆಗೆ ಬಂದು ಆಸೆಪಟ್ಟು ತೆಗೆದುಕೊಳ್ಳುವವರೂ ಇದ್ದಾರೆ. ಅವರೆಲ್ಲ ಇದನ್ನು ಓದಬೇಕು. ಆ ಮಾತನ್ನು ನಂಬಿದ್ದರಿಂದ ನಮ್ಮ ಮನೆಯ ಮೂವರು ಆಸ್ಪತ್ರೆ ಸೇರಬೇಕಾಯಿತು. ಭಾವನನ್ನು ಕೇಳಿಯೇ ಬರೆಯುತ್ತಿದ್ದೇನೆ. "ಬರೆದು ಹಾಕು, ಇನ್ನೊಬ್ಬರಿಗಾದರೂ ಗೊತ್ತಾಗಲಿ" ಅಂದರು.

ಕಾರು 2018ರ ಮಾಡೆಲ್. ಮೂರು ಲೀಟರಿನ ಆರು ಸಿಲಿಂಡರ್ ಟರ್ಬೊ (ಇಂಜಿನ್‌ಗೆ ಹೆಚ್ಚು ಗಾಳಿ ತಳ್ಳಿ ಶಕ್ತಿ ಹೆಚ್ಚಿಸುವ ಸಾಧನ) ಇರುವ ಆಲ್-ವೀಲ್-ಡ್ರೈವ್ ಪೆಟ್ರೋಲ್ ಸೆಡಾನ್. 350ರ ಆಸುಪಾಸು ಕುದುರೆಶಕ್ತಿ, 500 ನ್ಯೂಟನ್ ಮೀಟರ್ ಟಾರ್ಕ್ (ಚಕ್ರ ತಿರುಗಿಸುವ ಬಲ). ಕಂಪನಿಯ ಹೆಸರು ಬೇಡ, ಇದರಲ್ಲಿ ಕಾರು ಮಾಡಿದವರ ತಪ್ಪು ಇಲ್ಲ. ಭಾವ ಅದನ್ನು ಬೆಂಗಳೂರಿನ ಒಬ್ಬ ಡೀಲರ್ ಹತ್ತಿರ ಕೊಂಡಿದ್ದರು. ತುಂಬಾ ಕಡಿಮೆ ಓಡಿದ ಗಾಡಿ. ಬಣ್ಣಕ್ಕೆ ಒಂದು ಗೀರು ಇರಲಿಲ್ಲ. "ಟೈರ್ ಬಟನ್ ನೋಡಿ ಸಾರ್, ಇನ್ನೂ ಎಷ್ಟಿದೆ! ಎರಡು ವರ್ಷ ಯೋಚನೆನೇ ಬೇಡ" ಎಂದು ಡೀಲರ್ ಹೇಳಿದ್ದ. ನೋಡಿದರೆ ನಿಜವಾಗಿಯೂ ಬಟನ್, ಅಂದರೆ ಟೈರಿನ ಮೇಲಿನ ಉಬ್ಬು ಅಚ್ಚು, ಇತ್ತು. ಯಾರಿಗೂ ಅನುಮಾನ ಬರುವಂತಿರಲಿಲ್ಲ.

ಜೂನ್ ತಿಂಗಳು. ಪತ್ತನಾಜೆ (ಮಳೆಗಾಲಕ್ಕೆ ಮೊದಲು ಬರುವ ತುಳುನಾಡಿನ ಆಚರಣೆಯ ದಿನ) ಕಳೆದು ಮಳೆ ಹಿಡಿದಿತ್ತು. ಸುಳ್ಯದಲ್ಲಿ ಒಂದು ಕಾರ್ಯಕ್ರಮ ಮುಗಿಸಿ ಜಾಲ್ಸೂರಿನಲ್ಲಿ ತಿರುಗಿ ಚೆರ್ಕಳ ರಸ್ತೆಯಲ್ಲಿ ಬರುತ್ತಿದ್ದೆವು. ನಾನು ಮುಂದೆ ಎಡಕ್ಕೆ, ಅಕ್ಕ ಹಿಂದೆ ಬಲಬದಿಗೆ. ಆ ರಸ್ತೆ ಗೊತ್ತಿದ್ದವರಿಗೆ ಗೊತ್ತು: ಏರು, ಇಳಿತ, ತಿರುವು, ಮತ್ತೆ ತಿರುವು. ಒಂದು ಬದಿಗೆ ರಬ್ಬರ್ ಗುಡ್ಡೆ, ಇನ್ನೊಂದು ಬದಿಗೆ ಅಡಿಕೆ ತೋಟ. ಏರಿನಲ್ಲಿ ಆಕ್ಸಿಲರೇಟರಿಗೆ ಕಾಲು ಕೊಟ್ಟಾಗಲೆಲ್ಲ ಕಾರು ಒಂಚೂರೂ ಅಲುಗದೆ ಮೇಲೆ ಹೋಗುತ್ತಿತ್ತು. ಚಕ್ರ ತಿರುಗಿ ಜಾರಿದ ಸದ್ದೇ ಇಲ್ಲ. "ನೋಡು, ಎಂತ ಮಳೆ ಬಂದರೂ ಇದಕ್ಕೆ ಲೆಕ್ಕವೇ ಇಲ್ಲ" ಎಂದು ಭಾವ ಖುಷಿಯಿಂದ ಹೇಳಿದರು. "ಆದರೂ ನಿಧಾನ ಹೋಗಿ ಮಾರಾಯ್ರೆ" ಎಂದಳು ಅಕ್ಕ. ವೇಗ 60ರ ಒಳಗೇ ಇತ್ತು. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಎಲ್ಲರೂ ಮೊದಲು ಕೇಳುವುದು "ನೂರರಲ್ಲಿ ಇದ್ದಿರಾ?" ಎಂದೇ.

ಆದೂರಿನ ಹತ್ತಿರ ಒಂದು ಇಳಿತದಲ್ಲಿ ಎಡ ತಿರುವು. ಮೇಲಿನ ಕೆಂಪುಕಲ್ಲಿನ ಕೋರೆಯಿಂದ ಮಣ್ಣು ನೀರಿನ ಜೊತೆ ಇಳಿದು ರಸ್ತೆಗೆ ಅಡ್ಡ ತೆಳುವಾಗಿ ಹರಡಿತ್ತು. ಮುಂದಿನ ಚಕ್ರ ಅದರ ಮೇಲೆ ಹೋದ ಕೂಡಲೇ ಸ್ಟೇರಿಂಗ್ ಹಗುರ ಆಯಿತು. ಕಾರು ತಿರುಗದೆ ನೆಟ್ಟಗೆ ಹೊರಟಿತು. ಭಾವ ಆಕ್ಸಿಲರೇಟರ್‌ನಿಂದ ಕಾಲು ಪೂರ್ತಿ ತೆಗೆದರು. ಯಾರಾದರೂ ಹಾಗೇ ಮಾಡುತ್ತಾರೆ. ಆಗ ಭಾರ ಮುಂದಕ್ಕೆ ಬಂತು, ಮುಂದಿನ ಚಕ್ರಕ್ಕೆ ಹಿಡಿತ ಸಿಕ್ಕಿತು. ಹಿಂದಿನದ್ದಕ್ಕೆ ಇದ್ದದ್ದೂ ಹೋಯಿತು. ಕಾರಿನ ಹಿಂಭಾಗ ಬಲಕ್ಕೆ ಬೀಸಿತು. ಬ್ರೇಕಿನ ಟರಟರ ಸದ್ದು, ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಮಿನುಗಿದ್ದು, ಅಷ್ಟೇ ನನಗೆ ನೆನಪು. ಕಾರಿನ ಬಲಬದಿ ಪೂರ್ತಿ ರಸ್ತೆ ಪಕ್ಕದ ಮಣ್ಣಿನ ಬರೆಗೆ (ಗುಡ್ಡ ಕಡಿದ ಗೋಡೆಗೆ) ಹೋಗಿ ಬಡಿಯಿತು. ಎದುರಿನಿಂದ ಬಸ್ಸೋ ಲಾರಿಯೋ ಬರುತ್ತಿರಲಿಲ್ಲ. ಬಂದಿದ್ದರೆ ಈ ಬರಹ ಇರುತ್ತಿರಲಿಲ್ಲ.

ಭಾವನ ಬಲಗಡೆಯ ಕಾಲರ್ ಬೋನ್ ಮುರಿಯಿತು. ಅಕ್ಕನ ಹಣೆಗೆ ಹೊಲಿಗೆ ಬಿತ್ತು. ನನ್ನ ಕುತ್ತಿಗೆಗೆ ಪಟ್ಟಿ. ಹಿಂದಿನಿಂದ ಬಂದ ಆಟೋದವರು, ರಬ್ಬರ್ ಟ್ಯಾಪಿಂಗ್ ಮಾಡುವ ಇಬ್ಬರು ಓಡಿ ಬಂದು ಬಾಗಿಲು ಎಳೆದು ಹೊರಗೆ ತೆಗೆದರು. ಅವರ ಉಪಕಾರ ಮರೆಯುವಂಥದ್ದಲ್ಲ.

ಈಗ ಯಾಕೆ ಹೀಗಾಯಿತು ಎಂಬ ವಿಷಯಕ್ಕೆ ಬರುತ್ತೇನೆ. ಆಸ್ಪತ್ರೆಯಿಂದ ಬಂದ ಮೇಲೆ ನಾನು ಇದರ ಹಿಂದೆಯೇ ಬಿದ್ದಿದ್ದೆ. ಮೆಕ್ಯಾನಿಕ್‌ಗಳನ್ನು ಕೇಳಿದೆ, ಓದಿದೆ, ಲೆಕ್ಕ ಹಾಕಿದೆ.

ಆಲ್-ವೀಲ್-ಡ್ರೈವ್ ಮಾಡುವ ಕೆಲಸ ಒಂದೇ: ಇಂಜಿನ್ ಶಕ್ತಿಯನ್ನು ನಾಲ್ಕು ಚಕ್ರಕ್ಕೆ ಹಂಚುವುದು. ಅದರಿಂದ ಹೊರಡುವುದು ಸುಲಭ, ಏರು ಹತ್ತುವುದು ಸುಲಭ. ಬ್ರೇಕ್ ಹಿಡಿದಾಗ ಅದರಿಂದ ಉಪಯೋಗ ಇಲ್ಲ. ನಾಲ್ಕು ಚಕ್ರಕ್ಕೂ ಬ್ರೇಕ್ ಎಲ್ಲ ಕಾರಿನಲ್ಲೂ ಇದೆ, ಹಳೆಯ ಮಾರುತಿಯಲ್ಲೂ ಇದೆ. ತಿರುವಿನಲ್ಲಿ ಕಾರನ್ನು ರಸ್ತೆಯಲ್ಲಿ ಇಡುವುದು ಟೈರ್ ಮಾತ್ರ. ಒಂದೊಂದು ಟೈರ್ ರಸ್ತೆಗೆ ತಾಗುವ ಜಾಗ ಅಂಗೈಯಷ್ಟು. ಎಷ್ಟು ಲಕ್ಷದ ಕಾರಾದರೂ ಅಂಥ ನಾಲ್ಕು ಜಾಗದ ಮೇಲೇ ನಿಂತಿರುತ್ತದೆ.

ಇದಕ್ಕಿಂತ ದೊಡ್ಡ ಅಪಾಯ ಬೇರೆ ಇದೆ. ಮುಂದಿನ ಚಕ್ರಕ್ಕೆ ಮಾತ್ರ ಶಕ್ತಿ ಹೋಗುವ ಮಾಮೂಲಿ ಕಾರಿನಲ್ಲಿ ಒದ್ದೆ ಏರಿನಲ್ಲಿ ಕಾಲು ಜಾಸ್ತಿ ಕೊಟ್ಟರೆ ಚಕ್ರ ಗಿರ್ ಎಂದು ತಿರುಗುತ್ತದೆ, ಸ್ಟೇರಿಂಗ್ ಎಳೆಯುತ್ತದೆ. ರಸ್ತೆ ಜಾರುತ್ತಿದೆ ಎಂದು ನಮಗೆ ಅಲ್ಲೇ ಗೊತ್ತಾಗುತ್ತದೆ, ನಿಧಾನ ಆಗುತ್ತೇವೆ. ಆಲ್-ವೀಲ್-ಡ್ರೈವ್ ಆ ಎಚ್ಚರಿಕೆಯನ್ನೇ ಅಳಿಸಿ ಹಾಕುತ್ತದೆ. ಅದೇ ಜಾರುವ ರಸ್ತೆಯಲ್ಲಿ ಅದು ಏನೂ ಆಗದಂತೆ ವೇಗ ಹಿಡಿಯುತ್ತದೆ. ಹಿಡಿತ ಕಡಿಮೆ ಇದೆ ಎಂದು ನಮಗೆ ಮೊದಲ ಸಲ ಗೊತ್ತಾಗುವುದು ಬ್ರೇಕ್ ಹಿಡಿದಾಗ ಅಥವಾ ತಿರುಗಿಸಿದಾಗ. ಅಷ್ಟರಲ್ಲಿ ಹೊತ್ತು ಮೀರಿರುತ್ತದೆ. ನಮಗೆ ಆದದ್ದು ಇದೇ.

ಅಂಕಿಯಲ್ಲಿ ನೋಡಿ. 40 ಮೀಟರ್ ತ್ರಿಜ್ಯದ ಒಂದು ತಿರುವು ಅಂತ ಇಟ್ಟುಕೊಳ್ಳಿ. ಒಣ ಡಾಮರಿನಲ್ಲಿ ಘರ್ಷಣೆಯ ಪ್ರಮಾಣ 0.8 ಇದ್ದರೆ ಗಂಟೆಗೆ ಸುಮಾರು 64 ಕಿ.ಮೀ.ವರೆಗೆ ಕಾರು ಜಾರದೆ ತಿರುಗುತ್ತದೆ. ಕೆಸರು ನೀರು ಸೇರಿ ಅದು 0.4ಕ್ಕೆ ಇಳಿದರೆ 45ಕ್ಕೇ ಮುಗಿಯಿತು. ಯಾವ ಚಕ್ರಕ್ಕೆ ಶಕ್ತಿ ಹೋಗುತ್ತದೆ ಎಂಬುದು ಈ ಲೆಕ್ಕದಲ್ಲಿ ಬರುವುದೇ ಇಲ್ಲ. ಬ್ರೇಕಿನದ್ದೂ ಹಾಗೆಯೇ. 80ರಲ್ಲಿ ಹೋಗುವ ಕಾರು ಒಣ ರಸ್ತೆಯಲ್ಲಿ ಬ್ರೇಕ್ ಒತ್ತಿದ ಮೇಲೆ 31–32 ಮೀಟರಿನಲ್ಲಿ ನಿಂತರೆ, ಹಿಡಿತ ಅರ್ಧ ಆದಾಗ 63 ಮೀಟರ್ ಬೇಕು. ಅಪಾಯ ಕಂಡು ಕಾಲು ಬ್ರೇಕಿಗೆ ಹೋಗುವ ಒಂದು ಸೆಕೆಂಡಿನಲ್ಲಿ 22 ಮೀಟರ್ ಆಗಲೇ ಕಳೆದಿರುತ್ತದೆ.

"ರ‍್ಯಾಲಿಯಲ್ಲಿ ಗೆದ್ದ ತಂತ್ರಜ್ಞಾನ ಇದು" ಎಂದು ಕೆಲವರು ವಾದ ಮಾಡುತ್ತಾರೆ. ಹೌದು, 1980ರಲ್ಲಿ ಬಂದ ಆಲ್-ವೀಲ್-ಡ್ರೈವ್ ಕಾರು ಆಡಿ ಕ್ವಾಟ್ರೊ ಹಿಮ, ಜಲ್ಲಿ, ಕೆಸರಿನಲ್ಲಿ ಗೆದ್ದು ರ‍್ಯಾಲಿಯ ರೂಪವನ್ನೇ ಬದಲಾಯಿಸಿತು. ಆದರೆ ಅಲ್ಲಿ ಹಿಮಕ್ಕೆ ಮೊಳೆಯ ಟೈರ್, ಜಲ್ಲಿಗೆ ಬೇರೆ ಟೈರ್, ಡಾಮರಿಗೆ ಬೇರೆ ಟೈರ್ ಹಾಕುತ್ತಾರೆ. ಆ ಅರ್ಧ ಕಥೆಯನ್ನು ಯಾರೂ ಹೇಳುವುದಿಲ್ಲ.

ಇನ್ನು ಟೈರ್ ವಿಷಯ. ಟೈರಿನ ಪಕ್ಕದಲ್ಲಿ ಸಾಮಾನ್ಯವಾಗಿ 'ಡಾಟ್' (DOT) ಎಂದು ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತದೆ. ಮೊದಲ ಎರಡು ಅಂಕಿ ಟೈರ್ ತಯಾರಾದ ವಾರ ಹೇಳುತ್ತವೆ, ಕೊನೆಯ ಎರಡು ಅಂಕಿ ವರ್ಷ. ಕೆಲವೊಮ್ಮೆ ಅದು ಒಳಬದಿಗೆ ಇರುತ್ತದೆ, ಬಗ್ಗಿ ಟಾರ್ಚ್ ಹಿಡಿದು ನೋಡಬೇಕು. ಅಪಘಾತದ ನಂತರ ನೋಡಿದೆವು. ನಮ್ಮ ಕಾರಿನ ಹಿಂದಿನ ಎರಡರಲ್ಲೂ 1418. ಅಂದರೆ 2018ರ 14ನೇ ವಾರ. ಕಾರಿನ ಜೊತೆ ಬಂದ ಟೈರುಗಳೇ. ಗಾಡಿ ಬೆಂಗಳೂರಿನಲ್ಲಿ ಹೆಚ್ಚಾಗಿ ನಿಂತೇ ಇತ್ತು, ಅದಕ್ಕೇ ಬಟನ್ ಸವೆದಿರಲಿಲ್ಲ. ರಬ್ಬರ್ ಮಾತ್ರ ವರ್ಷ ಕಳೆದಂತೆ ಗಟ್ಟಿಯಾಗಿತ್ತು. ಉಗುರು ಒತ್ತಿದರೆ ಒಳಗೆ ಹೋಗುತ್ತಿರಲಿಲ್ಲ. ಗಟ್ಟಿ ರಬ್ಬರ್ ಒಣ ರಸ್ತೆಯಲ್ಲಿ ಹೇಗೋ ನಡೆಯುತ್ತದೆ, ಒದ್ದೆಯಲ್ಲಿ ಹಿಡಿಯುವುದಿಲ್ಲ. ಮುಂದಿನ ಎರಡು ಬೇರೆ ಕಂಪನಿಯವು, ಹೊಸವು. ಒಳ್ಳೆಯ ಟೈರ್ ಮುಂದೆ, ಕೆಟ್ಟದ್ದು ಹಿಂದೆ. ಮಳೆಯಲ್ಲಿ ಇದರಷ್ಟು ಅಪಾಯದ ಜೋಡಣೆ ಇನ್ನೊಂದಿಲ್ಲ, ಯಾಕೆಂದರೆ ಹಿಂಭಾಗ ಮೊದಲು ಜಾರುತ್ತದೆ. ಅದನ್ನು ಸರಿಮಾಡಿಕೊಳ್ಳುವುದು ಮಾಮೂಲಿ ಡ್ರೈವರ್ ಕೈಯಲ್ಲಿ ಆಗುವ ಕೆಲಸ ಅಲ್ಲ.

ಆಲ್-ವೀಲ್-ಡ್ರೈವ್ ಕಾರಿಗೆ ನಾಲ್ಕೂ ಟೈರ್ ಒಂದೇ ಕಂಪನಿಯದ್ದು, ಒಂದೇ ಮಾದರಿಯದ್ದು, ಸುಮಾರು ಒಂದೇ ಸವೆತದ್ದು ಇರಬೇಕು. ಸುತ್ತಳತೆ ಬೇರೆ ಆದರೆ ಮುಂದಿನ ಹಿಂದಿನ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಿ ಮುಂದೆ ಹಿಂದೆ ಶಕ್ತಿ ಹಂಚುವ ನಡುವಿನ ಡಿಫರೆನ್ಶಿಯಲ್ಲಿಗೋ ಕ್ಲಚ್ಚಿಗೋ ಸದಾ ಪೆಟ್ಟು ಬೀಳುತ್ತದೆ. ಎಷ್ಟು ವ್ಯತ್ಯಾಸ ಇರಬಹುದು ಎಂದು ಕಾರಿನ ಮ್ಯಾನುಯಲ್ ನೋಡಿ. ಕಾನೂನಿನ ಪ್ರಕಾರ ಕಾರಿನ ಟೈರಿನ ಕಾಲುವೆ ಕನಿಷ್ಠ 1.6 ಮಿ.ಮೀ. ಆಳ ಇದ್ದರೆ ಸಾಕು. ನಮ್ಮ ಮಳೆಗೆ ಅದು ಏನೇನೂ ಸಾಲದು. 3 ಮಿ.ಮೀ.ಗೆ ಬಂದಾಗಲೇ ಬದಲಾಯಿಸಿ.

ಟರ್ಬೊ ಬಗ್ಗೆ ಒಂದು ಮಾತು. ಕಾಲು ಒತ್ತಿದ ಕೂಡಲೇ ಪೂರ್ತಿ ಶಕ್ತಿ ಬರುವುದಿಲ್ಲ, ಒಂದು ಕ್ಷಣ ತಡೆದು ಒಟ್ಟಿಗೆ ಬರುತ್ತದೆ. ತಿರುವಿನ ಮಧ್ಯದಲ್ಲಿ ಕೇಳಿದ ಶಕ್ತಿ ತಿರುವು ಬಿಗಿಯಾದ ಕಡೆ ಬಂದು ಬೀಳಬಹುದು. ಈಗಿನ ಟರ್ಬೊಗಳಲ್ಲಿ ಪೂರ್ತಿ ಟಾರ್ಕ್ ಕಡಿಮೆ ಆರ್‌ಪಿಎಂನಲ್ಲೇ ಸಿಗುತ್ತದೆ. ಹಾಗಾಗಿ ಮಳೆಯಲ್ಲಿ ಸ್ಪೋರ್ಟ್ ಮೋಡ್ ಬೇಡವೇ ಬೇಡ. ಸ್ಪೋರ್ಟ್‌ನಲ್ಲಿ ಗೇರ್ ಕೆಳಗೆ ಇರುತ್ತದೆ, ಕಾಲಿಗೆ ಇಂಜಿನ್ ಜೋರಾಗಿ ಪ್ರತಿಕ್ರಿಯಿಸುತ್ತದೆ, ಕೆಲವು ಕಾರುಗಳಲ್ಲಿ ಕಾರು ಜಾರದಂತೆ ನೋಡಿಕೊಳ್ಳುವ ಸ್ಟೆಬಿಲಿಟಿ ಕಂಟ್ರೋಲ್ ಕೂಡ ಸಡಿಲ ಆಗುತ್ತದೆ. ಇನ್ನೊಂದು ವಿಷಯ ಆಮೇಲೆ ಸರ್ವಿಸ್ ಸೆಂಟರಿನವರು ಕಂಪ್ಯೂಟರ್ ಹಾಕಿ ನೋಡಿದಾಗ ಗೊತ್ತಾಯಿತು. ಹಳೆಯ ಮಾಲೀಕರು ಇಂಜಿನ್ ರೀಮ್ಯಾಪ್ ಮಾಡಿಸಿದ್ದರು, ಅಂದರೆ ಹೆಚ್ಚು ಶಕ್ತಿ ಬರಲೆಂದು ಇಂಜಿನಿನ ಸಾಫ್ಟ್‌ವೇರ್ ಬದಲಾಯಿಸಿದ್ದರು. ಡೀಲರ್ ಅದನ್ನೂ ಹೇಳಿರಲಿಲ್ಲ. ಇನ್ಶೂರೆನ್ಸ್ ಕ್ಲೇಮ್ ಈಗ ಅದೇ ಕಾರಣಕ್ಕೆ ಸಿಕ್ಕಿಹಾಕಿಕೊಂಡಿದೆ.

ಸ್ಟೆಬಿಲಿಟಿ ಕಂಟ್ರೋಲ್ ಇತ್ತಲ್ವಾ ಎಂದು ಕೇಳುತ್ತೀರಿ. ಇತ್ತು, ಕೆಲಸವನ್ನೂ ಮಾಡಿತು. ಟರಟರ ಸದ್ದು ಅದರದ್ದೇ. ಒಂದೊಂದೇ ಚಕ್ರಕ್ಕೆ ಬ್ರೇಕ್ ಹಾಕಿ ಕಾರನ್ನು ಸರಿ ಮಾಡಲು ಅದು ನೋಡುತ್ತದೆ. ಟೈರಿಗೆ ಹಿಡಿತವೇ ಇಲ್ಲದಿದ್ದರೆ ಅದು ಎಲ್ಲಿಂದ ತರಬೇಕು?

ಹೆದ್ದಾರಿಯಲ್ಲಿ ಅಪಾಯ ಬೇರೆ ರೀತಿಯದ್ದು. ತಲಪಾಡಿಯಿಂದ ಚೆಂಗಳದವರೆಗೆ ಆರು ಪಥದ ರಸ್ತೆಯಲ್ಲಿ ಇಂಥ ಕಾರು 100 ದಾಟಿದ್ದೇ ಗೊತ್ತಾಗುವುದಿಲ್ಲ. ಜೋರು ಮಳೆಗೆ ನೀರು ನಿಂತ ಕಡೆ ಟೈರ್ ರಸ್ತೆ ಬಿಟ್ಟು ನೀರಿನ ಮೇಲೆ ತೇಲುತ್ತದೆ. 1963ರಲ್ಲಿ ನಾಸಾ ವಿಮಾನದ ಟೈರುಗಳ ಪರೀಕ್ಷೆಯಿಂದ ಇದಕ್ಕೊಂದು ಸೂತ್ರ ಕೊಟ್ಟಿತು. ಅದರ ಪ್ರಕಾರ 32 ಪಿಎಸ್‌ಐ ಗಾಳಿ ಇದ್ದರೆ ಸುಮಾರು 94 ಕಿ.ಮೀ. ವೇಗದಲ್ಲಿ ಟೈರ್ ತೇಲುತ್ತದೆ, 25ಕ್ಕೆ ಇಳಿದರೆ 83ರಲ್ಲೇ. ಈ ಕಾರುಗಳ ಅಗಲ ಟೈರ್, ಅದರಲ್ಲೂ ಸವೆದದ್ದು, ಅದಕ್ಕೂ ಮೊದಲೇ ತೇಲಬಹುದು. ತೇಲಿದಾಗ ಬ್ರೇಕ್ ಒತ್ತಬೇಡಿ, ಸ್ಟೇರಿಂಗ್ ತಿರುಗಿಸಬೇಡಿ. ನೆಟ್ಟಗೆ ಹಿಡಿದು ಕಾಲು ನಿಧಾನ ಸಡಿಲಿಸಿ, ಟೈರ್ ಮತ್ತೆ ನೆಲ ಹಿಡಿಯುವವರೆಗೆ ಕಾಯಿರಿ. ಮಳೆಯಲ್ಲಿ ಕ್ರೂಸ್ ಕಂಟ್ರೋಲ್ (ಕಾಲು ಒತ್ತದೆಯೇ ಒಂದೇ ವೇಗ ಕಾಯುವ ವ್ಯವಸ್ಥೆ) ಹಾಕಲೇಬೇಡಿ.

ನಮ್ಮ ಒಳರಸ್ತೆಗಳಲ್ಲಿ ಕೆಂಪು ಮಣ್ಣು, ರಬ್ಬರ್ ಎಲೆ, ಬಸ್ ಸ್ಟಾಪ್ ಹತ್ತಿರ ಚೆಲ್ಲಿದ ಡೀಸೆಲ್ ಇದ್ದೇ ಇರುತ್ತದೆ. ಮಳೆ ಶುರುವಾದ ಮೊದಲ ಹೊತ್ತಿಗೆ, ಬೇಸಿಗೆಯ ಧೂಳು ಎಣ್ಣೆ ಇನ್ನೂ ತೊಳೆದು ಹೋಗದೆ ಇರುವಾಗ, ಜಾರು ಜಾಸ್ತಿ. ವೇಗವನ್ನು ತಿರುವಿಗೆ ಮೊದಲೇ, ಕಾರು ನೆಟ್ಟಗೆ ಇರುವಾಗಲೇ ಇಳಿಸಿ. ತಿರುವಿನ ಒಳಗೆ ಕಾಲು ಒಮ್ಮೆಲೇ ಒತ್ತುವುದೂ ಬೇಡ, ಒಮ್ಮೆಲೇ ತೆಗೆಯುವುದೂ ಬೇಡ. ಮುಂಭಾಗ ಜಾರಿದರೆ ಸ್ಟೇರಿಂಗ್ ಇನ್ನೂ ತಿರುಗಿಸಬೇಡಿ, ಕಾಲು ಮೆಲ್ಲ ಸಡಿಲಿಸಿ. ಕಣ್ಣು ಹೋಗಬೇಕಾದ ದಾರಿಯ ಕಡೆ ಇರಲಿ.

ಭಾವ ಈಗ ಆ ಡೀಲರ್ ಮೇಲೆ ಗ್ರಾಹಕರ ಕೋರ್ಟಿಗೆ ಹೋಗುವ ತಯಾರಿಯಲ್ಲಿ ಇದ್ದಾರೆ. ಟೈರ್ ಬಗ್ಗೆ ಹೇಳಿದ್ದೆಲ್ಲ ಬಾಯಿಮಾತು, ವಾಟ್ಸಾಪಿನಲ್ಲಿ ಒಂದು ಸಾಲೂ ಇಲ್ಲ. ಅದಕ್ಕೇ ವಕೀಲರು ತಲೆ ಕೆರೆದುಕೊಳ್ಳುತ್ತಿದ್ದಾರೆ. ಹೊರಗಿನಿಂದ ಇಂಥ ಕಾರು ತರುವವರು ಅಡ್ವಾನ್ಸ್ ಕೊಡುವ ಮೊದಲೇ ನಾಲ್ಕೂ ಟೈರಿನ ನಾಲ್ಕು ಅಂಕಿಯ ಫೋಟೊ ತರಿಸಿಕೊಳ್ಳಿ. ರೀಮ್ಯಾಪ್ ಆಗಿದೆಯೋ ಇಲ್ಲವೋ ಎಂದು ಬರಹದಲ್ಲಿ ಕೇಳಿ. ಕೊಡುವುದಿಲ್ಲ ಅಂದರೆ ಆ ಗಾಡಿ ಬಿಟ್ಟುಬಿಡಿ.