ಹಗುರ ಚಕ್ರವೋ, ಸವಾರಿಯ ಅಭ್ಯಾಸವೋ?

ಒಂದೇ ಸೈಕಲ್ಲಿನಲ್ಲಿ, ಒಂದೇ ದಾರಿಯಲ್ಲಿ, ಮೊದಲ ಮೂರು ತಿಂಗಳು ಹಗುರವಾದ ಹೊಸ ಚಕ್ರಗಳನ್ನು ಹಾಕಿಸಿ ಸವಾರಿಯ ರೀತಿಯನ್ನು ಬದಲಿಸದೆ ಓಡಿಸಿದೆ. ನಂತರದ ಮೂರು ತಿಂಗಳು ಹಳೆಯ ಚಕ್ರಗಳನ್ನೇ ಮರಳಿ ಜೋಡಿಸಿ, ಬ್ರೇಕ್ ಹಿಡಿಯುವುದನ್ನೂ ತಿರುವಿನಲ್ಲಿ ಸಾಗುವುದನ್ನೂ ಅಭ್ಯಾಸ ಮಾಡಿದೆ.

ಏರುದಾರಿಯಲ್ಲಿ ಹೊಸ ಚಕ್ರಗಳು ಹಿತವೆನಿಸಿದ್ದು ನಿಜ. ಆದರೆ ನಾನೂ ಸೈಕಲ್ಲೂ ಸೇರಿ 80 ಕಿಲೋ ಇರುವಾಗ ಅರ್ಧ ಕಿಲೋ ಇಳಿಕೆ ಶೇಕಡಾ ಒಂದಕ್ಕೂ ಕಡಿಮೆಯಾದ್ದರಿಂದ, ಅರ್ಧ ಗಂಟೆಯ ಏರಿನಲ್ಲಿ ಉಳಿಯುವುದು ಹೆಚ್ಚೆಂದರೆ ಹತ್ತು ಹನ್ನೆರಡು ಸೆಕೆಂಡು. ಏರು ಕಡಿದಾಗುವ ಮೊದಲೇ ಗೇರ್ ಇಳಿಸಿ, ನಿಮಿಷಕ್ಕೆ 80 ಸುತ್ತಿನ ಆಸುಪಾಸಿನಲ್ಲಿ ತುಳಿಯಲು ಕಲಿತಾಗ ತುದಿ ತಲುಪಿದ ಮೇಲೂ ಮೊಣಕಾಲು ನೋಯಲಿಲ್ಲ.

ನಿಜವಾದ ಅಂತರ ಕಂಡದ್ದು ಇಳಿಜಾರಿನಲ್ಲಿ. ಮುಗ್ಗರಿಸುವ ಭಯದಿಂದ ನಾನು ವರ್ಷಗಟ್ಟಲೆ ಹಿಂದಿನ ಬ್ರೇಕನ್ನೇ ನಂಬಿದ್ದೆ. ವೇಗ ತಗ್ಗುವಾಗ ಭಾರವೆಲ್ಲ ಮುಂದಕ್ಕೆ ವಾಲಿ ಹಿಂದಿನ ಚಕ್ರ ಹಿಡಿತ ಕಳೆದುಕೊಳ್ಳುವುದರಿಂದ, ಸೈಕಲ್ಲನ್ನು ನಿಲ್ಲಿಸುವ ಶಕ್ತಿ ಹೆಚ್ಚಾಗಿ ಮುಂದಿನ ಬ್ರೇಕಿನಲ್ಲಿದೆ. ಮೈಯನ್ನು ಹಿಂದಕ್ಕೆ ಸರಿಸಿ ಅದನ್ನು ಹದವಾಗಿ ಒತ್ತುವುದು, ತಿರುವಿಗೆ ಮೊದಲೇ ವೇಗ ತಗ್ಗಿಸುವುದು, ಹೊರಬದಿಯ ಪೆಡಲನ್ನು ಕೆಳಗಿಟ್ಟು ಅದರ ಮೇಲೆ ಭಾರ ಹಾಕುವುದು, ತಿರುವು ಮುಗಿಯುವ ಕಡೆಗೆ ಕಣ್ಣು ನೆಡುವುದು: ಇಷ್ಟರಿಂದ ಅದೇ ತಿರುವುಗಳನ್ನು ಬೇಗ ದಾಟಿದೆ, ಅದಕ್ಕಿಂತ ಮುಖ್ಯವಾಗಿ, ಹೆದರಿಕೆಯಿಲ್ಲದೆ ದಾಟಿದೆ. ಹೊಸ ಚಕ್ರಗಳಿದ್ದಾಗ ತಿರುವಿನ ನಡುವೆಯೇ ಬ್ರೇಕ್ ಬಿಗಿಹಿಡಿಯುತ್ತಿದ್ದೆ.

ಸಮತಟ್ಟು ದಾರಿಯಲ್ಲಿ ಸಲಕರಣೆಯ ಪಾತ್ರವನ್ನು ಅಲ್ಲಗಳೆಯಲಾಗದು. ಬ್ರಿಟನ್ನಿನ ಸೈಕ್ಲಿಂಗ್ ಪಟು ಕ್ರಿಸ್ ಬೋರ್ಡ್‌ಮನ್ 1996ರಲ್ಲಿ ಒಂದು ಗಂಟೆಯಲ್ಲಿ 56.375 ಕಿ.ಮೀ. ಕ್ರಮಿಸಿದ್ದರು, 2000ದಲ್ಲಿ ಹಳೆಯ ಮಾದರಿಯ ಸೈಕಲ್ಲಿನಲ್ಲಿ 49.441 ಕಿ.ಮೀ. ಮಾತ್ರ ಸಾಧ್ಯವಾಯಿತು. ಆದರೆ ಮೊದಲ ದಾಖಲೆಯ ಹಿಂದೆ ಕೈಗಳನ್ನು ಪೂರ್ತಿ ಮುಂದಕ್ಕೆ ಚಾಚಿದ ಭಂಗಿಯೂ ಇತ್ತು. ಗಾಳಿಯ ತಡೆಯಲ್ಲಿ ದೊಡ್ಡ ಪಾಲು ಸವಾರನ ದೇಹದ್ದೇ. ನಾನೂ ಮೊಣಕೈ ಮಡಿಸಿ ಬೆನ್ನು ತಗ್ಗಿಸಲು ಕಲಿತ ಮೇಲೆ ಎದುರುಗಾಳಿಯಲ್ಲಿ ಸವಾರಿ ಹಗುರವಾಯಿತು.

ಒಂದು ಖರೀದಿಯನ್ನು ಮಾತ್ರ ಮನಸಾರೆ ಮೆಚ್ಚುತ್ತೇನೆ. ಸವೆದ 23 ಮಿ.ಮೀ. ಅಗಲದ ಟೈರುಗಳ ಬದಲು 28 ಮಿ.ಮೀ. ಟೈರುಗಳನ್ನು ಹಾಕಿ, ಗಾಳಿಯನ್ನು ಸ್ವಲ್ಪ ಕಡಿಮೆ ತುಂಬಿದಾಗ, ಒದ್ದೆ ರಸ್ತೆಯ ತಿರುವಿನಲ್ಲೂ ಕಲಿತದ್ದನ್ನು ಧೈರ್ಯವಾಗಿ ಬಳಸಲು ಸಾಧ್ಯವಾಯಿತು.